ಕಡಲ ದಂಡೆ ಸಪಾಟಲ್ಲ: ಗಂಗಾವತಿಯಿಂದ ಗೋವಾ ಚರ್ಚುಗಳಿಗೆ ಸೈಕಲ್ ಹೊರಟವರಿಗೆ

ಪ್ರಶ್ನೆ: ನಾವು ಗಂಗಾವತಿಯ ಇಬ್ಬರು ಗೆಳೆಯರು. ಎರಡು ವರ್ಷದಿಂದ ರೋಡ್ ಬೈಕ್ ಓಡಿಸುತ್ತಿದ್ದೇವೆ. ಪ್ರತಿ ಭಾನುವಾರ ಆನೆಗೊಂದಿ, ಕನಕಗಿರಿ ಕಡೆ 60–70 ಕಿ.ಮೀ. ಆರಾಮಾಗಿ ಮುಗಿಸುತ್ತೇವೆ. ಜನವರಿಯಲ್ಲಿ ಗೋವಾದಿಂದ ಮಂಗಳೂರಿನವರೆಗೆ ಕಡಲ ಪಕ್ಕದಲ್ಲೇ, ಹಳೆಯ ಚರ್ಚುಗಳನ್ನು ನೋಡಿಕೊಂಡು ಹೋಗುವ ಆಸೆ. ಸಮುದ್ರದ ದಂಡೆ ಅಂದ್ರೆ ಮಟ್ಟಸ ರಸ್ತೆ, ಏನೂ ಕಷ್ಟವಿಲ್ಲ ಅಂತ ಕೆಲವರು ಹೇಳುತ್ತಾರೆ. ಒಬ್ಬರು ಮಾತ್ರ ‘ಮೊಣಕಾಲು ಹೋಗುತ್ತೆ, ಹುಷಾರು’ ಅಂದರು. ನಮ್ಮ ಸೈಕಲ್‌ಗಳಲ್ಲಿ ಮುಂದೆ 50–34, ಹಿಂದೆ 11–28 ಹಲ್ಲಿನ ಗೇರ್ ಇದೆ. ಬರೀ ಭತ್ತದ ಗದ್ದೆ, ಏರೇ ಇಲ್ಲದ ನಮ್ಮ ಕಡೆ ತಯಾರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಹುಷಾರು ಅಂದವರ ಮಾತೇ ಸರಿ. ಅವರು ಆ ರಸ್ತೆಯಲ್ಲಿ ಖಂಡಿತ ಸೈಕಲ್ ಹೊಡೆದಿರಬೇಕು. ಮಟ್ಟಸ ಅಂದವರು ರೈಲಿನಲ್ಲೋ ಕಾರಿನಲ್ಲೋ ಹೋಗಿ ಬಂದಿರುತ್ತಾರೆ. ಕಾರಿನಲ್ಲಿ ಕೂತವರಿಗೆ ಆ ಏರುಗಳು ಗೊತ್ತೇ ಆಗುವುದಿಲ್ಲ.

ಗೋವಾದಿಂದ ಕಾರವಾರದವರೆಗೆ ಸಹ್ಯಾದ್ರಿಯ ಬೆಟ್ಟಗಳು ಕಡಲಿಗೆ ತೀರಾ ಹತ್ತಿರ ಬರುತ್ತವೆ. ನದಿಗಳು ಸಮುದ್ರ ಸೇರುವ ಕಡೆಯಲ್ಲೆಲ್ಲ ನೆಲವನ್ನು ಕೊರೆದಿವೆ. ಮಾಂಡೋವಿ, ಜುವಾರಿ, ಸಾಳ್, ತಲ್ಪೋಣ, ಗಾಲ್ಜಿಬಾಗ, ಕಾಳಿ, ಹೀಗೆ ಒಂದಾದ ಮೇಲೊಂದು. ಎರಡು ನದಿಗಳ ನಡುವೆ ಕೆಂಪು ಚಿರೆಕಲ್ಲಿನ ದಿನ್ನೆ ಇರುತ್ತದೆ, ಅದರ ತುದಿ ಸಮುದ್ರದೊಳಗೆ ಮೂಗಿನ ಹಾಗೆ ಚಾಚಿರುತ್ತದೆ. ರಸ್ತೆ ಏನು ಮಾಡಬೇಕು ಹೇಳಿ? ದಿನ್ನೆ ಹತ್ತಬೇಕು, ನದಿಗೆ ಇಳಿಯಬೇಕು, ಸೇತುವೆ ದಾಟಬೇಕು, ಮತ್ತೆ ಹತ್ತಬೇಕು.

ಇದನ್ನು ನಿಮ್ಮೂರ ಲೆಕ್ಕದಲ್ಲೇ ಹೇಳುತ್ತೇನೆ. ನೀವು ಅಂಜನಾದ್ರಿ ಬೆಟ್ಟ ಹತ್ತಿಯೇ ಇರುತ್ತೀರಿ, 575 ಮೆಟ್ಟಿಲು. ಅದನ್ನು ಒಂದು ಸಲ ಹತ್ತೋದು ದೊಡ್ಡ ವಿಷಯವಲ್ಲ, ಅಲ್ವಾ? ಗೋವಾದ ದಕ್ಷಿಣದ ಏರುಗಳೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಂದೊಂದು ಏರು ಒಂದು ಕಿಲೋಮೀಟರ್, ಜಾಸ್ತಿ ಅಂದ್ರೆ ಎರಡು. ಆದರೆ ಒಂದೇ ದಿನದಲ್ಲಿ ಅಂಜನಾದ್ರಿಯನ್ನು ಆರೇಳು ಸಲ ಹತ್ತಿ ಇಳಿಯಿರಿ ಅಂದರೆ? ಅದೂ ಬೆವರು ಆರದ ಸೆಕೆಯಲ್ಲಿ? ಮೊದಲನೇ ಏರು ಯಾರನ್ನೂ ಸೋಲಿಸುವುದಿಲ್ಲ. ಸೋಲಿಸುವುದು ಆರನೆಯದು. ನಿಮ್ಮ ಗೇರು, ತಯಾರಿ, ಊಟ, ದಿನದ ದೂರ ಎಲ್ಲವನ್ನೂ ಆ ಆರನೇ ಏರಿಗೆ ಹೊಂದಿಸಿಕೊಳ್ಳಿ.

ಮೊದಲು ಗೇರಿನ ಮಾತು. 11–28 ಬದಲಾಯಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಲೆಕ್ಕ ಸುಲಭ ಇದೆ. ನಿಮ್ಮ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. ಮುಂದೆ 34, ಹಿಂದೆ 28 ಹಾಕಿದರೆ ಒಂದು ಪೆಡಲ್ ಸುತ್ತಿಗೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ 9 ಕಿ.ಮೀ. ವೇಗ ಇರಲೇಬೇಕು. ನೂರಕ್ಕೆ ಹತ್ತು ಮೀಟರ್ ಏರುವ ಕಡೆ, ಬ್ಯಾಗು ಕಟ್ಟಿಕೊಂಡು ಆ ವೇಗ ಹಿಡಿದಿಡುವುದು ಕಷ್ಟ. ವೇಗ ಆರಕ್ಕೆ ಇಳಿಯುತ್ತದೆ, ತುಳಿತ ನಿಮಿಷಕ್ಕೆ ನಲವತ್ತಕ್ಕೆ ಬರುತ್ತದೆ. ಆಗ ಪ್ರತಿ ತುಳಿತದಲ್ಲೂ ಮೈಭಾರವೆಲ್ಲ ಮೊಣಕಾಲಿನ ಮೇಲೆ. ಮೊಣಕಾಲು ಹೋಗುತ್ತೆ ಅಂದವರು ಹೇಳಿದ್ದು ಇದನ್ನೇ. ಹಿಂದೆ 34 ಹಲ್ಲಿನ ಚಕ್ರ ಇದ್ದರೆ ಅದೇ 60 ಸುತ್ತಿಗೆ ಗಂಟೆಗೆ ಏಳೂವರೆ ಕಿ.ಮೀ. ಸಾಕು. ಅಷ್ಟೇ ವ್ಯತ್ಯಾಸ, ಆದರೆ ಮೂರನೇ ದಿನ ಮೆಟ್ಟಿಲು ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. 11–32 ಅಥವಾ 11–34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೊಳ್ಳುವ ಮುಂಚೆ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡ ಚಕ್ರ ತಡೆಯುತ್ತದೋ ಇಲ್ಲವೋ ಮೆಕ್ಯಾನಿಕ್ ಹತ್ತಿರ ಕೇಳಿ. ಗಿಡ್ಡ ಡಿರೇಲರ್ ಇದ್ದರೆ ಅದನ್ನೂ ಬದಲಾಯಿಸಬೇಕಾಗುತ್ತದೆ. ಚೈನ್ ಕೂಡ ಉದ್ದ ಬೇಕಾಗಬಹುದು. ಹೊರಡುವ ಹಿಂದಿನ ದಿನ ಇದನ್ನೆಲ್ಲ ಮಾಡಬೇಡಿ. ಹೊಸ ಗೇರ್ ಹಾಕಿಸಿ ಕನಿಷ್ಠ 200 ಕಿ.ಮೀ. ಓಡಿಸಿ ನೋಡಿ.

ಈಗ ತಯಾರಿ. ನಮ್ಮ ಕಡೆ ಏರೇ ಇಲ್ಲ ಅಂತೀರಿ. ಇದೆ. ಸಂಡೂರಿಗೆ ಹೋಗಿ. ಸಂಡೂರಿನಿಂದ ಕುಮಾರಸ್ವಾಮಿ ದೇವಸ್ಥಾನದ ಕಡೆ ಬೆಟ್ಟ ಹತ್ತುವ ರಸ್ತೆಯಿದೆಯಲ್ಲ, ಬಳ್ಳಾರಿಯಲ್ಲಿ ನನ್ನ ಜೊತೆ ಓಡಿಸುವ ಹುಡುಗರು ಏರು ಕಲಿತದ್ದು ಅಲ್ಲೇ. ಮಳೆಗಾಲ ಮುಗಿದ ಮೇಲೆ ಆ ಹಸಿರು ನೋಡಿದರೆ ಬಳ್ಳಾರಿ ಜಿಲ್ಲೆ ಅಂತ ನಂಬಿಕೆ ಬರುವುದಿಲ್ಲ. ಅದಿರಿನ ಲಾರಿಗಳಿರುತ್ತವೆ, ಹಾಗಾಗಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹತ್ತಲು ಶುರು ಮಾಡಿ, ಬಿಸಿಲೇರುವ ಮುಂಚೆ ಇಳಿದುಬಿಡಿ. ಹಿಂದಿನ ದೀಪ ಹಗಲಲ್ಲೂ ಉರಿಯುತ್ತಿರಲಿ. ತಿಂಗಳಿಗೆ ಎರಡು ಸಲ ಹೋದರೆ ಸಾಕು.

ಉಳಿದ ವಾರಗಳಲ್ಲಿ ನಿಮ್ಮೂರ ಹತ್ತಿರದ ರೈಲ್ವೆ ಮೇಲ್ಸೇತುವೆಯೇ ನಿಮ್ಮ ಬೆಟ್ಟ. ಅರ್ಧ ಕಿಲೋಮೀಟರ್ ಹಿಂದಿನಿಂದ ಭಾರದ ಗೇರಿನಲ್ಲಿ ಬಂದು, ಕೂತುಕೊಂಡೇ ಹತ್ತಿ. ಇಳಿದು ತಿರುಗಿ ಬನ್ನಿ. ಮೊದಲ ವಾರ ಹತ್ತು ಸಲ, ಆಮೇಲೆ ಹದಿನೈದು, ಇಪ್ಪತ್ತು. ಬೇಸರದ ಕೆಲಸ ಅನ್ನಿಸಬಹುದು. ಆದರೆ ಕರಾವಳಿ ಕೇಳುವುದು ಇದನ್ನೇ: ಹತ್ತು, ಇಳಿ, ದಣಿವಾರುವ ಮುಂಚೆ ಮತ್ತೆ ಹತ್ತು.

ಎದುರು ಗಾಳಿಯಲ್ಲಿ ತುಳಿದರೆ ಏರು ಹತ್ತಿದ ಹಾಗೇ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಆಷಾಢದ ಗಾಳಿಯೂ ಹಾಗೇ ಇರುತ್ತದೆ, ಕುಕನೂರು, ಯಲಬುರ್ಗಾ ಕಡೆ ಗಾಳಿ ಫ್ಯಾನ್‌ಗಳನ್ನು ಸುಮ್ನೆ ನಿಲ್ಲಿಸಿಲ್ಲ. ಉಸಿರಿಗೆ, ಎದೆಗೆ ಅದು ಒಳ್ಳೆಯ ತಯಾರಿ. ಆದರೆ ಕಾಲಿಗೆ ಪೂರ್ತಿ ಅಲ್ಲ. ಮಟ್ಟಸ ರಸ್ತೆಯಲ್ಲಿ ಒಂದು ಕ್ಷಣ ತುಳಿತ ಸಡಿಲ ಬಿಟ್ಟರೂ ಸೈಕಲ್ ತನ್ನ ಓಟದಲ್ಲೇ ಮುಂದೆ ಹೋಗುತ್ತದೆ. ಏರಿನಲ್ಲಿ ಹಾಗಲ್ಲ. ಪೆಡಲ್ ಮೇಲಕ್ಕೆ ಬಂದು ಕೆಳಕ್ಕೆ ತಿರುಗುವ ಆ ಅರೆಕ್ಷಣದಲ್ಲೇ ವೇಗ ಸತ್ತುಹೋಗುತ್ತದೆ, ಮತ್ತೆ ಎಬ್ಬಿಸಬೇಕು. ಕಾಲು ಸುತ್ತಿನ ಉದ್ದಕ್ಕೂ ಕೆಲಸ ಮಾಡಬೇಕು. ಇದನ್ನು ಏರಿನಲ್ಲೇ ಕಲಿಯಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ಅಭ್ಯಾಸಕ್ಕೆ ಮುದಗಲ್‌ಗೆ ಹೋಗಿ ಬನ್ನಿ. ಕನಕಗಿರಿ, ತಾವರಗೇರಾ ಮೇಲೆ ದಾರಿ. ಕೋಟೆ ನಿಮಗೆ ಗೊತ್ತಿರುತ್ತದೆ. ಆದರೆ ಆದಿಲ್‌ಶಾಹಿ ಕಾಲದಲ್ಲೇ ಗೋವಾ ಕಡೆಯಿಂದ ಪಾದ್ರಿಗಳು ಮುದಗಲ್‌ಗೆ ಬಂದಿದ್ದರು, ಸುಲ್ತಾನರಿಂದ ದತ್ತಿ ಪಡೆದಿದ್ದರು. ದಖ್ಖನ್ನಿನ ತೀರಾ ಹಳೆಯ ಕ್ರೈಸ್ತ ನೆಲೆಗಳಲ್ಲಿ ಅದೂ ಒಂದು, ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದೆ. ಗೋವಾದ ಚರ್ಚು ನೋಡಲು ಹೊರಟವರು ಮನೆ ಹತ್ತಿರದ್ದನ್ನು ನೋಡದೇ ಹೋಗಬಾರದು ಅಂತ ನನ್ನ ಆಸೆ. ನಿಮ್ಮ ಕಡೆಗೂ ಗೋವಾಕ್ಕೂ ನಂಟು ಹಳೆಯದು. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಗೋವಾ ಬಂದರಿನಿಂದ ಬರುತ್ತಿದ್ದವು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕಿನವರೂ ಇದ್ದರು. ಹಂಪಿ ಮತ್ತು ಗೋವಾದ ಚರ್ಚುಗಳು ವಿಶ್ವ ಪರಂಪರೆ ಪಟ್ಟಿ ಸೇರಿದ್ದೂ ಒಂದೇ ವರ್ಷ, 1986ರಲ್ಲಿ.

ಇನ್ನು ದಾರಿ. ಮಂಗಳೂರನ್ನು ಈ ಸಲ ಬಿಡಿ. ಕಾರವಾರದ ಆಚೆ ಹೆಚ್ಚಿನ ದೂರ ನೀವು 66ನೇ ನಂಬರ್ ಹೆದ್ದಾರಿ ಮೇಲೇ ಇರಬೇಕಾಗುತ್ತದೆ. ಅಗಲ ರಸ್ತೆ, ಟ್ಯಾಂಕರ್, ಲಾರಿ. ಅಲ್ಲಿ ದೂರ ಮುಗಿಯುತ್ತದೆ, ನೋಡುವುದು ಆಗುವುದಿಲ್ಲ. ನಾಲ್ಕು ದಿನದಲ್ಲಿ ಹಳೆ ಗೋವಾದಿಂದ ಕಾರವಾರ ಮುಟ್ಟಿ. ದಿನಕ್ಕೆ ಜಾಸ್ತಿ ಅಂದ್ರೆ 55 ಕಿ.ಮೀ. ಕಡಿಮೆ ಅನ್ನಿಸುತ್ತದೆ, ನಿಮ್ಮ ಭಾನುವಾರಕ್ಕಿಂತ ಕಡಿಮೆ. ಇರಲಿ.

ಮೊದಲ ದಿನ ಪಣಜಿಯಲ್ಲಿ ಉಳಿದು ಹಳೆ ಗೋವಾಕ್ಕೆ ಹೋಗಿ, ಹತ್ತು ಕಿ.ಮೀ. ಅಷ್ಟೇ. ರಿಬಂದರ್ ತನಕದ ದಾರಿ ಮಾಂಡೋವಿ ಪಕ್ಕದಲ್ಲೇ ಪೂರ್ತಿ ಸಪಾಟು. 1630ರ ದಶಕದಲ್ಲಿ ಪೋರ್ಚುಗೀಸರು ಜೌಗಿನ ಮೇಲೆ ಕಟ್ಟಿದ ಕಲ್ಲಿನ ದಾರಿ ಅದು, ಇವತ್ತಿಗೂ ಗಾಡಿ ಓಡಾಡುತ್ತವೆ. ಹಳೆ ಗೋವಾದಲ್ಲಿ ಬೊಂ ಜೀಸಸ್ ಬಸಿಲಿಕಾ ಮುಂದೆ ಐದು ನಿಮಿಷ ಸುಮ್ನೆ ನಿಲ್ಲಿ. 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದ ಕಟ್ಟಡ. ಸುತ್ತ ಇರುವ ಚರ್ಚುಗಳೆಲ್ಲ ಬಿಳಿ, ಇದೊಂದು ಮಾತ್ರ ಕೆಂಪು. ಮೊದಲು ಇದಕ್ಕೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಅದನ್ನು ಕಿತ್ತರು. ಹತ್ತಿರ ಹೋಗಿ ಗೋಡೆ ನೋಡಿ. ಚಿರೆಕಲ್ಲಿನ ಮೈತುಂಬಾ ಬೆರಳ ತುದಿ ಹೋಗುವಷ್ಟು ತೂತುಗಳು, ಜೇನುಗೂಡಿನ ಹಾಗೆ. ಕರಾವಳಿ ಮಳೆಯ ನೀರು ಆ ತೂತುಗಳಿಗೆ ಇಳಿಯುತ್ತದೆ. ಉಳಿದ ಚರ್ಚುಗಳಿಗೆ ವರ್ಷ ವರ್ಷ ಸುಣ್ಣ ಬಳಿಯುವುದು ಚಂದಕ್ಕಷ್ಟೇ ಅಲ್ಲ, ಕಲ್ಲು ಉಳಿಯಲಿ ಅಂತ. ಹಂಪಿಯ ಗಟ್ಟಿ ಕಣಶಿಲೆ ನೋಡಿ ಬೆಳೆದ ನಮಗೆ ಕಲ್ಲು ನೀರು ಕುಡಿಯುತ್ತದೆ ಅನ್ನುವುದೇ ಹೊಸದು.

ಅಲ್ಲಿಂದ ಒಂದು ಚಿಕ್ಕ ಏರು ಹತ್ತಿದರೆ ಸೇಂಟ್ ಅಗಸ್ಟೀನ್ ಗೋಪುರ. 46 ಮೀಟರ್ ಎತ್ತರದ ಗೋಪುರದಲ್ಲಿ ಈಗ ಉಳಿದಿರುವುದು ಅರ್ಧ ಮಾತ್ರ. 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು, 1931ರಲ್ಲಿ ಗೋಪುರದ ಒಂದು ಭಾಗವೂ ಬಿತ್ತು. ಅದರ ದೊಡ್ಡ ಗಂಟೆ ಈಗ ಪಣಜಿಯ ಚರ್ಚಿನಲ್ಲಿದೆ. ಸಂಜೆ ವಾಪಸ್ ಬಂದಾಗ ಗಂಟೆ ಕೇಳಿಸಿದರೆ, ಬೆಳಗ್ಗೆ ನೋಡಿದ ಆ ಮುರುಕು ಗೋಪುರ ನೆನಪಾಗುತ್ತದೆ. ಹಳೆಯ ಚರ್ಚು, ಮನೆಗಳ ಕಿಟಕಿಗಳನ್ನೂ ಗಮನಿಸಿ. ಗಾಜಿನ ಬದಲು ಚಪ್ಪಟೆ ಚಿಪ್ಪುಗಳನ್ನು ಕಟ್ಟಿಗೆ ಚೌಕಟ್ಟಿಗೆ ಕೂರಿಸಿರುತ್ತಾರೆ. ಬಿಸಿಲು ಅದರ ಮೂಲಕ ಹಾಲಿನ ಹಾಗೆ ಒಳಗೆ ಬರುತ್ತದೆ.

ಸಮಯ ಇದ್ದರೆ ಫೆರಿಯಲ್ಲಿ ದಿವಾರ್ ದ್ವೀಪಕ್ಕೆ ದಾಟಿ. ಗದ್ದೆ ನಡುವಿನ ರಸ್ತೆ ನೋಡಿದರೆ ಗಂಗಾವತಿಯೇ ಅನ್ನಿಸುತ್ತದೆ. ಆಮೇಲೆ ಪಿಯೆದಾದ್ ಊರಿನ ಗುಡ್ಡ, ತುದಿಯಲ್ಲಿ ಬಿಳಿ ಚರ್ಚು. ನಿಮ್ಮ ಮೊದಲ ಏರು ಇದಾಗಲಿ. ಫೆರಿ ಹತ್ತುವಾಗ, ಇಳಿಯುವಾಗ ಕಡ್ಡಾಯವಾಗಿ ಸೈಕಲ್ ತಳ್ಳಿಕೊಂಡು ಹೋಗಿ. ದಡದ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಮೇಲೆ ಒದ್ದೆ ಕಬ್ಬಿಣದ ತಗಡು. ನಾನು ಒಮ್ಮೆ ಇಳಿಯದೆ ಓಡಿಸಿಕೊಂಡು ಹೋಗಿ ಮೊಣಕೈ ಒಡೆದುಕೊಂಡೆ. ಉಳಿದ ಮೂರು ದಿನ ಹ್ಯಾಂಡಲ್ ಹಿಡಿಯಲು ಆಗಲಿಲ್ಲ, ಪ್ರವಾಸ ಅಲ್ಲಿಗೇ ನಿಂತಿತು.

ಎರಡನೇ ದಿನ ಜುವಾರಿ ದಾಟಿ ಕನ್ಸಾವಲಿ. ಸೇತುವೆ ಮೇಲೆ ಗಾಡಿ ಜಾಸ್ತಿ, ಬೆಳಗ್ಗೆ ಬೇಗ ದಾಟಿಬಿಡಿ. ಕನ್ಸಾವಲಿ ಪಕ್ಕದ ಕುವೆಲಿಂ ಗುಡ್ಡದ ಮೇಲೆ, ಶಿಶು ಯೇಸುವನ್ನು ನೋಡಲು ಬಂದ ಮೂರು ರಾಜರ ಹೆಸರಿನ ಚಾಪೆಲ್ (ಚಿಕ್ಕ ಚರ್ಚು) ಇದೆ. ಜನವರಿ 6ರ ಹಬ್ಬಕ್ಕೆ ಸುತ್ತಲಿನ ಮೂರು ಊರುಗಳ ಮೂವರು ಹುಡುಗರು ರಾಜರ ವೇಷ ಹಾಕಿ, ಕುದುರೆ ಏರಿ ಈ ಗುಡ್ಡ ಹತ್ತುತ್ತಾರೆ. ಏರು ಕಡಿದು. ಇಳಿದು ತಳ್ಳಿದರೂ ನಾಚಿಕೆಯೇನಿಲ್ಲ. ಮೇಲೆ ನಿಂತರೆ ಒಂದು ಕಡೆ ಸಮುದ್ರ, ಕೆಳಗೆ ತೆಂಗಿನ ತಲೆಗಳು. ಈ ಕಡೆಯ ಎಷ್ಟೋ ಚರ್ಚುಗಳು ಇಂಥ ಎತ್ತರದಲ್ಲೇ ಇವೆ. ಸುಣ್ಣ ಬಳಿದ ಕಟ್ಟಡ ಸಮುದ್ರದಿಂದ ದೂರಕ್ಕೇ ಕಾಣುತ್ತದೆ, ದೋಣಿಯವರಿಗೆ ದಿಕ್ಕಿನ ಗುರುತು. ಹಾಗಾಗಿ ಏರನ್ನು ತಪ್ಪಿಸಿಕೊಂಡು ಚರ್ಚು ನೋಡುತ್ತೇನೆ ಅಂದರೆ ಆಗುವುದಿಲ್ಲ. ಅಲ್ಲಿಂದ ಕೋಲ್ವಾ, ಬಾಣಾವಲಿ ತನಕ ನಿಜವಾಗಲೂ ಮಟ್ಟಸ. ಮಟ್ಟಸ ಅಂದವರು ನೋಡಿದ್ದು ಈ ತುಂಡನ್ನೇ ಇರಬೇಕು.

ಮೂರನೇ ದಿನಕ್ಕಾಗಿಯೇ ನೀವು ಇಷ್ಟು ತಯಾರಿ ಮಾಡಿಕೊಳ್ಳುವುದು. ಸಾಳ್ ನದಿ ದಾಟಿ ಬೇತುಲ್ ಮುಗಿದ ಕೂಡಲೇ ರಸ್ತೆ ಎದ್ದು ನಿಲ್ಲುತ್ತದೆ. ಬೇತುಲ್‌ನಿಂದ ಕಾಬೊ ದಿ ರಾಮ, ಅಗೊಂದ, ಪಾಲೊಳೆಂ, ಒಂದರ ಹಿಂದೆ ಒಂದು ಏರು. ಇಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ: ಮೊದಲ ಏರಿನಲ್ಲಿ ಪಕ್ಕದವನ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ಮಧ್ಯದಲ್ಲಿ ತುಂಡಾದರೆ ಜೋರಾಗಿ ತುಳಿಯುತ್ತಿದ್ದೀರಿ ಅಂತ ಅರ್ಥ, ಗೇರ್ ಇಳಿಸಿ. ಏರು ಕಂಡಮೇಲೆ ಗೇರ್ ಹುಡುಕಬೇಡಿ. ಚೈನ್ ಮೇಲೆ ಪೂರ್ತಿ ಭಾರ ಬಿದ್ದಾಗ ಮುಂದಿನ ಚಕ್ರ ಬದಲಾಯಿಸಲು ಹೋದರೆ ಚೈನ್ ಕಳಚಿ ಬೀಳುತ್ತದೆ. ಬುಡದಲ್ಲೇ 34ಕ್ಕೆ ಇಳಿಸಿಕೊಂಡುಬಿಡಿ.

ಕಾಬೊ ದಿ ರಾಮ ಕೋಟೆಯೊಳಗೆ ಸಂತ ಅಂತೋನಿಯ ಚಿಕ್ಕ ಚಾಪೆಲ್ ಇದೆ. ಕೋಟೆ ಪಾಳು, ಚಾಪೆಲ್ ಮಾತ್ರ ಬಿಳಿಬಿಳಿ, ಈಗಲೂ ಪೂಜೆ ನಡೆಯುತ್ತದೆ. ಬಳ್ಳಾರಿ, ಕೊಪ್ಪಳ, ಮುದಗಲ್ ಕೋಟೆ ನೋಡಿದ ನಮಗೆ ಇದು ಸಣ್ಣ ಕೋಟೆ. ಆದರೆ ಗೋಡೆ ಮುಗಿದ ಕಡೆ ನೆಲವೂ ಮುಗಿದು, ಕೆಳಗೆ ಬರೀ ಸಮುದ್ರ. ನನಗೆ ಇಡೀ ದಾರಿಯಲ್ಲಿ ತುಂಬಾ ಇಷ್ಟವಾದ ಜಾಗ ಇದೇ.

ಇಳಿಜಾರಿನಲ್ಲಿ ಮೈಮರೆಯಬೇಡಿ. ತಿರುವಿನ ಒಳಗೆ ಬ್ರೇಕ್ ಹಿಡಿಯಬಾರದು, ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ರಸ್ತೆ ಅಂಚಿನ ಕೆಂಪು ಗರಸು ತಿರುವಿಗೆ ಹರಡಿರುತ್ತದೆ, ಅದು ಜೋಳದ ಕಾಳಿನ ಮೇಲೆ ಕಾಲಿಟ್ಟ ಹಾಗೆ. 28 ಮಿ.ಮೀ. ಟೈರ್ ಇದ್ದರೆ ಒಳ್ಳೆಯದು, ಗಾಳಿ ಕಲ್ಲಿನಂತೆ ಗಟ್ಟಿ ತುಂಬಬೇಡಿ.

ನಾಲ್ಕನೇ ದಿನ ಚಾವಡಿ, ಪೋಳೆಂ, ಮಾಜಾಳಿ, ಕಾರವಾರ. ಇದು ಹೆದ್ದಾರಿ, ಕಾಡಿನ ನಡುವೆ ಎರಡು ಮೂರು ಏರು, 40 ಕಿ.ಮೀ. ಒಳಗೇ ಮುಗಿಯುತ್ತದೆ.

ಸೆಕೆಯ ಬಗ್ಗೆ ನಮ್ಮ ಕಡೆಯವರು ಮಾಡುವ ತಪ್ಪು ಒಂದೇ. 42 ಡಿಗ್ರಿ ಬಿಸಿಲು ಕಂಡವರು ನಾವು, 32 ಡಿಗ್ರಿ ಏನು ಮಾಡೀತು ಅಂದುಕೊಳ್ಳುವುದು. ಬಳ್ಳಾರಿಯ ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈ ತಂಪು ಮಾಡುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಸುಮ್ನೆ ಸುರಿದುಹೋಗುತ್ತದೆ. ನೀರೂ ಉಪ್ಪೂ ಹೋಗುತ್ತದೆ, ಮೈ ಮಾತ್ರ ತಣ್ಣಗಾಗುವುದಿಲ್ಲ. ಬರೀ ನೀರು ಸಾಲದು. ಒಂದು ಬಾಟಲಿಗೆ ಚಿಟಿಕೆ ಉಪ್ಪು, ನಿಂಬೆ, ಸಕ್ಕರೆ ಹಾಕಿಕೊಳ್ಳಿ. ಅಲ್ಲಿ ಕೋಕಂ ಶರಬತ್ತು ಸಿಗುತ್ತದೆ, ಕುಡಿಯಿರಿ. ತಿನ್ನಲು ಮನೆಯಿಂದ ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಹೋಗಿ. ನಾಲ್ಕು ದಿನ ಕೆಡುವುದಿಲ್ಲ, ಜೇಬಿನಲ್ಲಿ ಕೂರುತ್ತದೆ. ಬೆಲ್ಲ ಬೇಗ ಶಕ್ತಿ ಕೊಡುತ್ತದೆ, ಶೇಂಗಾ ನಿಧಾನವಾಗಿ. ಗಂಟೆಗೆ ಅರ್ಧ ಹೋಳಿಗೆ, ಹಸಿವಾಗುವ ಮುಂಚೆಯೇ. ಮಿರ್ಚಿ, ಮಂಡಕ್ಕಿ ಎಲ್ಲ ಸಂಜೆಗೆ ಇರಲಿ.

ಚೈನ್‌ಗೂ ಹವಾಮಾನ ಬೇರೆ. ಸಂಡೂರು, ತೋರಣಗಲ್ ಕಡೆ ಓಡಿಸಿ ಬಂದು ಚೈನ್ ಒರೆಸಿದರೆ ಬಟ್ಟೆ ಕುಂಕುಮದ ಬಣ್ಣ ಆಗುತ್ತದೆ. ಎಣ್ಣೆ ಜಾಸ್ತಿ ಹಾಕಿದರೆ ಆ ಅದಿರಿನ ಧೂಳು ಅಂಟಿ ಅರೆಯುತ್ತದೆ, ಅದಕ್ಕೇ ನಾವು ಕಡಿಮೆ ಹಾಕುತ್ತೇವೆ. ಕಡಲ ಹತ್ತಿರ ಆ ರೂಢಿ ಬಿಡಿ. ಉಪ್ಪಿನ ಗಾಳಿಗೆ ಒಂದೇ ರಾತ್ರಿಯಲ್ಲಿ ಚೈನ್ ಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ. ದಿನಾ ಸಂಜೆ ಸಿಹಿನೀರಲ್ಲಿ ತೊಳೆದು, ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಬ್ರೇಕ್ ಶೂನಲ್ಲಿ ಮರಳು ಸಿಕ್ಕಿದೆಯಾ ಅಂತಲೂ ನೋಡಿ.

ಚರ್ಚಿನೊಳಗೆ ಹೋಗುವಾಗ ಸೈಕಲ್ಲಿನ ಬಿಗಿ ಚಡ್ಡಿಯಲ್ಲಿ ಹೋಗಬೇಡಿ. ಒಂದು ತೆಳು ಪ್ಯಾಂಟು ಬ್ಯಾಗಿನಲ್ಲಿರಲಿ, ಮೇಲೆ ಏರಿಸಿಕೊಂಡರೆ ಆಯಿತು. ಕ್ಲೀಟ್ (ಪೆಡಲ್‌ಗೆ ಸಿಕ್ಕಿಸುವ ಗಟ್ಟಿ ತುಂಡು) ಇರುವ ಶೂ ಹೊರಗೇ ಬಿಟ್ಟು ಚಪ್ಪಲಿ ಹಾಕಿಕೊಳ್ಳಿ. ಹಳೆ ಗೋವಾದ ಚರ್ಚುಗಳ ನೆಲದಲ್ಲಿ ಸಮಾಧಿ ಕಲ್ಲುಗಳಿವೆ, ಮೇಲೆ ಅಕ್ಷರ ಕೆತ್ತಿದ್ದಾರೆ. ಪೂಜೆ ನಡೆಯುತ್ತಿದ್ದರೆ ಹಿಂದೆ ನಿಂತು ಕಾಯಿರಿ, ಫೋಟೋ ಆಮೇಲೆ.

ಯಾವಾಗ ಹೊರಡಬೇಕು ಅಂದರೆ, ಡಿಸೆಂಬರ್ 3ಕ್ಕೆ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ, ಕಾಲಿಡಲು ಜಾಗವಿರುವುದಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರಸ್ತೆ ತುಂಬಾ ಕಾರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನೋಡಿಕೊಂಡು, ಆಮೇಲೆ ಹೊರಡಿ. ರಸ್ತೆಯೂ ಖಾಲಿ ಇರುತ್ತದೆ, ಬೆಳಗಿನ ಹೊತ್ತು ತಂಪೂ ಇರುತ್ತದೆ.

ಹೋಗಲು ಹೊಸಪೇಟೆಯಿಂದ ವಾಸ್ಕೊಗೆ ಅಮರಾವತಿ ಎಕ್ಸ್‌ಪ್ರೆಸ್ ಇದೆ. ದಿನಾ ಇರುವುದಿಲ್ಲ, ವಾರ ನೋಡಿಕೊಂಡು ಟಿಕೆಟ್ ಮಾಡಿಸಿ. ಬರುವಾಗ ಕಾರವಾರದಿಂದ ಕೊಂಕಣ ರೈಲಿನಲ್ಲಿ ಮಡಗಾಂವ್‌ಗೆ ಬಂದು ಅದೇ ರೈಲು ಹಿಡಿಯಬಹುದು. ಸೈಕಲ್ಲನ್ನು ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಬೇಕು, ಹಿಂದಿನ ದಿನವೇ ಹೋಗಿ ವಿಚಾರಿಸಿಕೊಳ್ಳಿ. ರಟ್ಟಿನ ಪೆಟ್ಟಿಗೆ ಸೈಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಿಂದಿನ ಡಿರೇಲರ್‌ಗೆ ಹಳೆ ಬಟ್ಟೆ ಸುತ್ತಿ. ಪೆಟ್ಟಿಗೆ ಬಿದ್ದರೆ ಮೊದಲು ಬಾಗುವುದು ಅದರ ಕೊಂಡಿಯೇ. ಪೆಡಲ್‌ಗಳನ್ನೂ ಬಿಚ್ಚಬೇಕು. ಬಲಗಡೆಯದು ಎಲ್ಲ ಬೋಲ್ಟ್‌ಗಳ ಹಾಗೇ ಬಿಚ್ಚುತ್ತದೆ. ಎಡಗಡೆಯದರ ಮರೆ (ಥ್ರೆಡ್) ಉಲ್ಟಾ, ಬಿಗಿ ಮಾಡುವ ಕಡೆ ತಿರುಗಿಸಿದರೆ ಬಿಚ್ಚುತ್ತದೆ. ಮನೆಯಲ್ಲೇ ಒಂದು ಸಲ ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತೆ ಹಾಕಿ ನೋಡಿಕೊಳ್ಳಿ.